ಗೀಟಿಗೆ ಒಂದು ಗೇಣು ಕೆಳಗೆ

ಟೀ ಮೇಲಿನ ಕೆನೆ ನಡುಗುತ್ತಿದ್ದದ್ದು ನಿಂತುಹೋಯಿತು, ಇಷ್ಟು ಬೇಗ ನಿಲ್ಲಬಾರದಲ್ಲ, ಮೋಟರಿನ ಕಟ್ಟೆಯ ಮೇಲೆ ಲೋಟ ಇಟ್ಟು ಅದರ ನಡುಕ ನೋಡಿಯೇ ಲಿಫ್ಟು ಎಲ್ಲಿಗೆ ಹೊರಟಿದೆ ಅಂತ ಹೇಳುವಷ್ಟು ವರ್ಷ ಕಟ್ಟಡದ ತಲೆಯ ಮೇಲಿನ ಈ ಲಿಫ್ಟು ಮೋಟರಿನ ಕೋಣೆಯಲ್ಲಿ ಕಳೆದಾಗಿದೆ, ಕೆಳಗಿನಿಂದ ಒಂಬತ್ತನೇ ಮಹಡಿಗೆ ಬರುವುದಾದರೆ ಕೆನೆ ಸುಕ್ಕುಗಟ್ಟಿ ಒಂದು ಬದಿಗೆ ಸರಿದು ಲೋಟದ ಅಂಚಿಗೆ ಅಂಟಿಕೊಳ್ಳುವ ತನಕ ನಡುಗಬೇಕು, ಇದು ನಡುವೆಯೇ ನಿಂತಿತು, ಆರಕ್ಕೂ ಅಲ್ಲ, ಏಳಕ್ಕೂ ಅಲ್ಲ, ಎರಡರ ಮಧ್ಯೆ — ಅದೇ, ಏಳನೇ ಮಹಡಿ ಬಾಗಿಲಿನ ಕೊಂಡಿ, ಅದು ಸ್ವಲ್ಪ ಸಡಿಲಾದರೂ ಲಿಫ್ಟು ನಿಂತುಬಿಡುತ್ತದೆ, ಸವೆದುಹೋಗಿದೆ ಬದಲಾಯಿಸಬೇಕು ಸಾರ್ ಅಂತ ಬಾಯಿ ನೋಯುವಷ್ಟು ಸಲ ಹೇಳಿದ್ದ ಚಕ್ರಣ್ಣ, ಓಡ್ತಾ ಇದೆ ತಾನೇ, ಓಡಲಿ ಬಿಡಿ, ಇನ್ನೆರಡು ವರ್ಷ ಆರಾಮಾಗಿ ಓಡುತ್ತೆ ಅಂದಿದ್ದ ಇಸ್ತ್ರಿ — ಕಟ್ಟಡದ ಮ್ಯಾನೇಜರು, ಯಾವ ಹೊತ್ತಿನಲ್ಲಿ ನೋಡಿದರೂ ಅಂಗಿಯಲ್ಲಿ ಒಂದು ಮಡಿಕೆ ಕಾಣದ ಮನುಷ್ಯ, ಬೆನ್ನ ಹಿಂದೆ ಎಲ್ಲರ ಬಾಯಲ್ಲೂ ಇಸ್ತ್ರಿ — ಹಾಗೆ ಅನ್ನುವಾಗ ಅವನ ಕಣ್ಣು ಕೊಂಡಿಯ ಮೇಲಿರಲಿಲ್ಲ, ಚಕ್ರಣ್ಣನ ಮೊಣಕಾಲಿನ ಮೇಲಿತ್ತು, ಇನ್ನೆರಡು ವರ್ಷ ಓಡುತ್ತೆ ಅಂದದ್ದು ಕೊಂಡಿಗೋ ತನಗೋ, ನಿವೃತ್ತಿಗೂ ಸರಿಯಾಗಿ ಅಷ್ಟೇ ಬಾಕಿ, ಸವೆದದ್ದನ್ನು ಬದಲಾಯಿಸುವ ಬದಲು ಸವೆಯುವ ತನಕ ಓಡಿಸಿ ಆಮೇಲೆ ಎಸೆಯುವುದು, ಅದೇ ಅವನ ಲೆಕ್ಕ. ಕೆನೆ ಈಗ ಅಲ್ಲಾಡದೆ ಕೂತಿದೆ. ಅಷ್ಟರಲ್ಲಿ ಗೋಡೆಯ ಗಂಟೆ ಹೊಡೆದುಕೊಂಡಿತು, ಒಳಗೆ ಸಿಕ್ಕಿಬಿದ್ದವರು ಒತ್ತುವ ಗಂಟೆ, ಬೆರಳು ತೆಗೆಯದೆ ಒತ್ತುತ್ತಿದ್ದಾರೆ, ಹೆದರಿದವರು ಯಾರೋ.

ಒತ್ತಲಿ, ಬರ್ತೀನಿ, ಹಾರಿ ಬರೋಕೆ ನನಗೆ ರೆಕ್ಕೆ ಇಲ್ಲ ಅಂತ ತನಗೆ ತಾನೇ ಹೇಳಿಕೊಂಡು ಚಕ್ರಣ್ಣ ಎರಡು ಹೆಜ್ಜೆಗೆ ಒಂದು ಸಲ ಮೊಣಕಾಲು ಹಿಡಿದು ಗೋಡೆಯ ಕರಿ ಫೋನಿನ ತನಕ ಹೋದ, ಲಿಫ್ಟಿನ ಒಳಗಿಂದ ನೇರ ಇಲ್ಲಿಗೆ ಬರುವ ಫೋನು, ಕಿವಿಗಿಟ್ಟ, ಹಲೋ ಅನ್ನುವ ಮೊದಲೇ ಆ ದನಿ — ಹಲೋ, ಯಾರ್ರೀ ಮೇಲೆ ಇರೋದು, ಲಿಫ್ಟು ನಿಂತೋಗಿದೆ, ಲೈಟೂ ಇಲ್ಲ, ಮೊಬೈಲಿಗೆ ಸಿಗ್ನಲ್ಲೂ ಇಲ್ಲ, ಯಾರಿದೀರಿ — ಇಸ್ತ್ರಿ, ಅವನೇ, ಆ ದನಿಯನ್ನು ನಿದ್ದೆಯಲ್ಲೂ ಗುರುತು ಹಿಡಿಯಬಲ್ಲ, ಚಕ್ರಣ್ಣನ ಹೊಟ್ಟೆಯೊಳಗೆ ಏನೋ ಬೆಚ್ಚಗೆ ಹರಡಿತು, ಎಷ್ಟೋ ದಿನದಿಂದ ತಣ್ಣಗೆ ಗಡ್ಡೆ ಕಟ್ಟಿ ಕೂತಿದ್ದದ್ದು ಕರಗಿದ ಹಾಗೆ, ಸಂತೋಷವೇ ಇದು, ಇದಕ್ಕೆ ಬೇರೆ ಹೆಸರು ಯಾಕೆ ಹುಡುಕಬೇಕು, ಯಾರಿದೀರಿ ಅಂತ ಕೇಳ್ತಿದಾನೆ, ಮೇಲೆ ಯಾರಿರ್ತಾರೆ ಅಂತಾನೇ ಅವನಿಗೆ ಗೊತ್ತಿಲ್ಲ, ಒಬ್ಬನೇ ಇದ್ದೀನಿ ಸಾರ್, ಅಂದ ಚಕ್ರಣ್ಣ, ಒಬ್ಬನೇ ಅನ್ನುವ ಮಾತನ್ನು ನಾಲಗೆಯ ಮೇಲೆ ಒಂದು ಸುತ್ತು ಹೊರಳಿಸಿ ಬಿಟ್ಟ. ಯಾರಾದ್ರೂ ಸರಿ, ಬೇಗ ಏನಾದ್ರೂ ಮಾಡ್ರೀ, ಮಾಲೀಕರು ಬರೋ ಹೊತ್ತಾಯ್ತು, ನಾನು ಮೀಟಿಂಗ್ ಹಾಲಲ್ಲಿ ಇರ್ಬೇಕು. ಆಯ್ತು ಸಾರ್, ನೋಡ್ತೀನಿ ಸಾರ್. ನೋಡ್ತೀನಿ ಅಂದದ್ದು ಸುಳ್ಳೇನಲ್ಲ, ಫೋನು ಇಟ್ಟು ಮೇನ್ ಸ್ವಿಚ್ಚು ತೆಗೆದ, ಅದು ಮೊದಲ ನಿಯಮ, ಆಮೇಲೆ ಟಾರ್ಚು ತಗೊಂಡು ನೆಲದ ತೂತಿಗೆ ಬೆಳಕು ಬಿಟ್ಟು ನಿಜವಾಗಿಯೂ ನೋಡಿದ, ತಂತಿ ಹಗ್ಗ ಇಳಿದುಹೋಗುವ ತೂತು, ಒಳಗೆ, ಆಳುದ್ದ ಕೆಳಗೆ, ಹಗ್ಗಕ್ಕೆ ಬಳಿದ ಹಳದಿ ಪಟ್ಟಿ ಕಂಡಿತು.

ಆ ಹಳದಿ ಪಟ್ಟಿ ಬಳಿದವನು ಬ್ರೇಕಣ್ಣ, ಇದೇ ಕೋಣೆಯಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದವನು, ಒಂದೊಂದು ಮಹಡಿಗೆ ಒಂದೊಂದು ಪಟ್ಟಿ, ಪಟ್ಟಿ ಮೇಲೆ ಬಂದು ಕಬ್ಬಿಣದ ತೊಲೆಯ ಮೇಲಿನ ಬಿಳಿ ಗೀಟಿಗೆ ಸರಿಯಾಗಿ ಕೂತರೆ ಲಿಫ್ಟು ಆ ಮಹಡಿಯ ನೆಲಕ್ಕೆ ಸಮ ಬಂತು ಅಂತ ಅರ್ಥ, ಕೂತ ಮೇಲೆಯೇ ಬಾಗಿಲು, ಅದಕ್ಕೆ ಮೊದಲು ಬ್ರಹ್ಮನೇ ಬಂದು ಹೇಳಿದರೂ ಬಾಗಿಲಿಗೆ ಕೀಲಿ ಹಾಕಬಾರದು, ಇವರಿಬ್ಬರೂ ಕೆಲಸಕ್ಕೆ ಸೇರುವ ಮುಂಚೆ ಯಾರೋ ಒಬ್ಬರು ಅವಸರಕ್ಕೆ ಹಾರಲು ಹೋಗಿ ಕಾಲು ಕಳಕೊಂಡದ್ದರಿಂದ ಬಂದ ನಿಯಮ, ಬಾಗಿಲ ಕೀಲಿ ಚಕ್ರಣ್ಣನ ಸೊಂಟದಲ್ಲೇ ಇದೆ, ಇನ್ನೊಂದು ಇಲ್ಲ. ಮತ್ತೆ ಎರಡನೇ ನಿಯಮ, ಇಬ್ಬರು — ಬ್ರೇಕು ಮೋಟರನ್ನು ಕಚ್ಚಿ ಹಿಡಿದಿರುತ್ತದೆ, ಒಬ್ಬ ಅದರ ಕಬ್ಬಿಣದ ಹಿಡಿಯನ್ನು ಮೈಯೆಲ್ಲ ಭಾರ ಹಾಕಿ ಒತ್ತಿ ಆ ಕಚ್ಚು ಬಿಡಿಸಬೇಕು, ಇನ್ನೊಬ್ಬ ದೊಡ್ಡ ಗಾಲಿಯನ್ನು ಕೈಯಾರೆ ತಿರುಗಿಸಬೇಕು, ಲಿಫ್ಟಿನಲ್ಲಿ ಒಬ್ಬಿಬ್ಬರೇ ಇದ್ದರೆ ಆಚೆ ಕಡೆ ತೂಗುವ ಕಬ್ಬಿಣದ ತೂಕವೇ ಹೆಚ್ಚು, ಪೆಟ್ಟಿಗೆ ತಾನಾಗಿಯೇ ಮೇಲಕ್ಕೆ ಹೊರಡುತ್ತದೆ, ಆಗ ಗಾಲಿ ಕೈ ಜಾರಿತೋ, ಬ್ರೇಕು ಹಿಡಿದವನು ಆ ಕ್ಷಣ ಕೈ ಬಿಡಬೇಕು, ಬ್ರೇಕು ಕಚ್ಚಿಕೊಳ್ಳಬೇಕು, ಅದಕ್ಕೇ ಇಬ್ಬರು, ಶೋಕಿಗಲ್ಲ. ಬ್ರೇಕು ಹಿಡಿದವನು ಬ್ರೇಕಣ್ಣ, ಗಾಲಿ ತಿರುಗಿಸುವವನು ಚಕ್ರಣ್ಣ, ಕಟ್ಟಡದವರು ಇಟ್ಟ ಹೆಸರು, ಗಂಡ ಹೆಂಡಿರ ಹಾಗೆ ಜೊತೆಗೇ ಕರೀತಿದ್ದರು, ಇವರ ಮಾತೂ ನಾಲ್ಕೇ, ಬಿಡು — ಬಿಟ್ಟೆ, ಹಿಡಿ — ಹಿಡಿದೆ, ಬಿಡು ಅಂದರೆ ಬ್ರೇಕಿನ ಕಚ್ಚು ಬಿಡಿಸು, ಹಿಡಿ ಅಂದರೆ ಮತ್ತೆ ಕಚ್ಚಲಿ, ಉತ್ತರ ಕಿವಿಗೆ ಬೀಳದೆ ಕೈ ಅಲ್ಲಾಡಬಾರದು, ಇಬ್ಬರಿಗೂ ಸಿಟ್ಟು ಬಂದಿದ್ದ ದಿನಗಳಲ್ಲಿ ಬೆಳಗಿನಿಂದ ಸಂಜೆ ತನಕ ಈ ನಾಲ್ಕು ಮಾತು ಬಿಟ್ಟು ಬೇರೆ ಮಾತೇ ಇರುತ್ತಿರಲಿಲ್ಲ, ಆದರೂ ಕೆಲಸ ನಿಂತದ್ದಿಲ್ಲ.

ಈಗ ಬ್ರೇಕಿನ ಹಿಡಿಗೆ ಒಂದು ಸೆಣಬಿನ ಹಗ್ಗದ ಕುಣಿಕೆ ತೂಗುತ್ತಿದೆ, ಬ್ರೇಕಣ್ಣ ಕೆಲಸದಿಂದ ಹೋದ ಮೇಲೆ ಚಕ್ರಣ್ಣ ಮಾಡಿಕೊಂಡ ಉಪಾಯ, ಕುಣಿಕೆಯಲ್ಲಿ ಕಾಲಿಟ್ಟು ಕೆಳಕ್ಕೆ ತುಳಿದರೆ ಬ್ರೇಕು ಬಿಡುತ್ತದೆ, ಒಂದೇ ಕಾಲಲ್ಲಿ ನಿಂತು ಎರಡು ಕೈಯಲ್ಲಿ ಗಾಲಿ, ಎಡ ಭುಜದಲ್ಲಿ ಏನೋ ಹರಿದ ಹಾಗೆ ಆಗುತ್ತದೆ ಪ್ರತಿ ಸಲ, ಬಿಡು ಅಂತ ತಾನೇ ಹೇಳಿ ಬಿಟ್ಟೆ ಅಂತ ತಾನೇ ಅನ್ನುವುದು, ರಜೆ ದಿನ ಊಟ ಆದ ಮೇಲೆ ಅಡ್ಡಾಗಿದ್ದಾಗ ಹಿಡಿ ಹಿಡಿ ಅಂತ ಕನವರಿಸಿದಿರಿ, ಯಾರನ್ನ ಹಿಡೀಬೇಕಿತ್ತು ಅಂತ ಹೆಂಡತಿ ನಗಾಡಿದ್ದಳು, ಎಣ್ಣೆ ಹಚ್ಚಿ ಭುಜ ತಿಕ್ಕುತ್ತ ನಗು ನಿಲ್ಲಿಸಿದಳು, ಎರಡು ವರ್ಷ ತಾನೇ, ಹಲ್ಲು ಕಚ್ಚಿಕೊಂಡು ಇದ್ದುಬಿಡಿ ಅಂದಳು, ಕಚ್ಚೋಕೆ ಹಲ್ಲೆಲ್ಲಿ ಉಳಿದಿದೆ ಮಾರಾಯ್ತಿ, ಅವೂ ನನಗಿಂತ ಮುಂಚೆ ರಿಟೈರಾದವು. ನಗಿಸಿದ, ತಾನು ನಗಲಿಲ್ಲ. ಬೆಳಗ್ಗೆ ಎದ್ದಾಗ ದಣಿವು, ಮಲಗುವಾಗಿನ ದಣಿವೇ, ಹಾಸಿಗೆಯಲ್ಲಿ ಅದೂ ಪಕ್ಕದಲ್ಲಿ ಮಲಗಿ ಅದೂ ಜೊತೆಗೇ ಎದ್ದ ಹಾಗೆ, ಒಂಬತ್ತನೇ ಮಹಡಿ ತನಕ ಲಿಫ್ಟಿನಲ್ಲಿ ಬಂದು ಅಲ್ಲಿಂದ ಕಬ್ಬಿಣದ ಏಣಿ ಹತ್ತಿ ಈ ಕೋಣೆಗೆ ಬರುವಾಗ ಮೊಣಕಾಲು ಕಟಕಟ ಅನ್ನುವುದು ತನಗಿಂತ ಮುಂಚೆ ಬಾಗಿಲಿಗೆ ಕೇಳುತ್ತದೆ, ಎದ್ದೇಳು ಕೂರು ಹತ್ತು ಇಳಿ — ಅಲ್ಲ, ಕೂರು ಎಲ್ಲಿದೆ, ಕೂರುವುದೇ ಇಲ್ಲವಲ್ಲ. ಚಕ್ರಣ್ಣ ಆ ಕುಣಿಕೆಯನ್ನು ನೋಡಿದ, ಹಿಡಿಯಿಂದ ಬಿಚ್ಚಿದ, ಸುತ್ತಿ ಸಣ್ಣ ಉಂಡೆ ಮಾಡಿ ಸಾಮಾನಿನ ಪೆಟ್ಟಿಗೆಯಲ್ಲಿ ಸ್ಪ್ಯಾನರುಗಳ ಕೆಳಗೆ ಇಟ್ಟು ಮುಚ್ಚಳ ಹಾಕಿದ.

ಕುರ್ಚಿಯೂ ಅಲ್ಲ, ಎರಡು ಮರದ ಸ್ಟೂಲು ಇದ್ದವು ಇಲ್ಲಿ, ಬಾಗಿಲ ಪಕ್ಕ ಒಂದು, ಕಿಟಕಿಯ ಕೆಳಗೆ ಒಂದು, ಅಷ್ಟು ವರ್ಷ ಕೂತು ಕೂತು ಇಬ್ಬರ ಅಂಡಿನ ಆಕಾರಕ್ಕೇ ಸವೆದಿದ್ದವು, ಬ್ರೇಕಣ್ಣ ಹೋದ ದಿನವೇ ಅವನ ಸ್ಟೂಲು ಹೋಯಿತು, ಒಬ್ಬರಿಗೆ ಎರಡು ಯಾಕೆ, ಆಮೇಲೊಂದು ಮಧ್ಯಾಹ್ನ ಇಸ್ತ್ರಿ ಮೂಗಿಗೆ ಕರ್ಚೀಫು ಹಿಡಿದು ಏಣಿ ಹತ್ತಿ ಬಂದಿದ್ದ, ಇಲ್ಲಿ ಇಷ್ಟು ಸೆಕೆಯೇನ್ರೀ ಅಂದ, ಚಕ್ರಣ್ಣ ಕೂತಿದ್ದ, ಏಳುವುದು ತಡವಾಯಿತು, ಮೊಣಕಾಲು ಹೇಳಿದ ಕೂಡಲೇ ಏಳುತ್ತದೆಯೇ, ಪರವಾಗಿಲ್ಲ ಕೂತ್ಕೊಳ್ಳಿ ಕೂತ್ಕೊಳ್ಳಿ ಅಂತ ಹಲ್ಲು ಕಾಣುವ ಹಾಗೆ ನಕ್ಕ, ಮರುದಿನ ಬಂದು ನೋಡಿದರೆ ಆ ಸ್ಟೂಲೂ ಇಲ್ಲ, ಕೂತರೆ ನಿದ್ದೆ ಬರುತ್ತೆ, ಯಂತ್ರದ ಹತ್ತಿರ ನಿದ್ದೆ ಅಪಾಯ ಅಂತ ಮ್ಯಾನೇಜರ್ ಸಾಹೇಬರು ಹೇಳಿದರು ಅಂತ ಕಾವಲುಗಾರ ತಲೆ ಕೆರೆದುಕೊಂಡು ಹೇಳಿದ, ಅವನ ತಪ್ಪೇನು ಪಾಪ. ಕೆಳಗೆ ಹೋಗಿ ಕೇಳಿಯೇ ಕೇಳಿದ್ದ ಚಕ್ರಣ್ಣ, ಸಾರ್ ಕಾಲು ಆಗ್ತಿಲ್ಲ, ಸ್ಟೋರಿನಲ್ಲಾದರೂ ಹಾಕಿ, ಕೂತು ಮಾಡೋ ಕೆಲಸ ಯಾವುದಾದರೂ, ಇಸ್ತ್ರಿ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೂರೋಕೆ ಮನೆ ಇದೆಯಲ್ಲ ಅಂದ, ಬೇಕಿದ್ರೆ ನಾಳೆಯಿಂದಾನೇ ಕೂರಬಹುದು ಅಂದ, ಎಷ್ಟು ಮೆತ್ತಗೆ ಅಂದ ಅಂದರೆ ಚಕ್ರಣ್ಣ ಥ್ಯಾಂಕ್ಸ್ ಸಾರ್ ಅಂದುಬಿಟ್ಟ, ಬಾಗಿಲ ಆಚೆ ಬಂದ ಮೇಲೆ ಮಾತು ತಲೆಗೆ ಇಳಿಯಿತು, ಆ ಥ್ಯಾಂಕ್ಸು ಇವತ್ತಿಗೂ ಗಂಟಲಲ್ಲಿ ಮುಳ್ಳಿನ ಹಾಗೆ ನಿಂತಿದೆ, ನುಂಗಲೂ ಆಗುವುದಿಲ್ಲ, ಉಗುಳಲೂ ಆಗುವುದಿಲ್ಲ. ನಿಂತುಕೊಳ್ಳಲಿ ಈಗ, ಆ ಪೆಟ್ಟಿಗೆಯಲ್ಲೂ ಸ್ಟೂಲಿಲ್ಲ, ಬೇಕಿದ್ದರೆ ನೆಲದ ಮೇಲೆ ಕೂರಲಿ, ಪ್ಯಾಂಟಿನ ಗೆರೆ ಹೋಗುತ್ತದೆ ಅಂತ ಕೂರಲಿಕ್ಕಿಲ್ಲ. ಗಾಳಿಗೆ ತೊಂದರೆ ಇಲ್ಲ, ಮೇಲೆ ಜಾಲರಿ ಇದೆ, ಯಾರೂ ಸಾಯುವುದಿಲ್ಲ ಅದರೊಳಗೆ, ಸಾಯುವುದು ಬೇಡ, ಸತ್ತರೆ ಅವನಿಗೆ ಏನು ಗೊತ್ತಾಗುತ್ತದೆ.

ಫೋನು, ಮತ್ತೆ. ಏನ್ರೀ ಮಾಡ್ತಿದೀರಿ, ಒಂದು ಲಿಫ್ಟು ಇಳಿಸೋಕೆ ಇಷ್ಟೊತ್ತಾ, ಇಲ್ಲಿ ಬೆವರಲ್ಲಿ ಸ್ನಾನ ಆಗ್ತಿದೆ. ಬೆವರು ಇಳೀತಿದೆಯಾ ಸಾರ್ ಅಂತ ಕೇಳಬೇಕೆನಿಸಿತು, ಕೇಳಲಿಲ್ಲ, ಸಾರ್ ಒಬ್ಬನ ಕೈಲಿ ಆಗಲ್ಲ ಸಾರ್, ಬ್ರೇಕಿಗೊಬ್ಬ ಗಾಲಿಗೊಬ್ಬ ಬೇಕು. ಹೋದ ವಾರ ಮಾಡಿದ್ರಲ್ಲ ಒಬ್ಬರೇ. ಮಾಡಿದ್ದೆ ಸಾರ್, ಮಾಡಬಾರದಿತ್ತು, ಅಪಾಯ. ಯಾರಿಗ್ರೀ ಅಪಾಯ. ಒಳಗಿರೋರಿಗೆ ಸಾರ್. ಆ ಕಡೆ ಒಂದು ಕ್ಷಣ ಉಸಿರು ಮಾತ್ರ, ಚಕ್ರಣ್ಣ ಆ ಉಸಿರನ್ನು ಕಿವಿ ತುಂಬ ಕೇಳಿದ, ಒಳ್ಳೆಯ ಸಂಗೀತ ಕೇಳುವವರು ಕಣ್ಣು ಮುಚ್ಚುತ್ತಾರಲ್ಲ, ಹಾಗೆ ಕಣ್ಣು ಮುಚ್ಚಿ ಕೇಳಿದ. ಕಾವಲುಗಾರನ್ನ ಕರ್ಕೊಳ್ಳಿ ಹಾಗಿದ್ರೆ. ಅವನು ಒಂದಿನವೂ ಹಿಡಿ ಮುಟ್ಟಿದವನಲ್ಲ ಸಾರ್, ಗಾಲಿ ಜಾರಿದಾಗ ಕೈ ಬಿಡೋದು ಗೊತ್ತಾಗದಿದ್ರೆ ಪೆಟ್ಟಿಗೆ ಹೋಗಿ ಮೇಲಿನ ಛಾವಣಿಗೆ ಬಡಿಯುತ್ತೆ, ಬೇಕಿದ್ರೆ ಅಗ್ನಿಶಾಮಕದವರಿಗೆ ಫೋನ್ ಮಾಡಿಸ್ಲಾ, ದೊಡ್ಡ ಗಾಡಿ ತಗೊಂಡು ಗಂಟೆ ಹೊಡ್ಕೊಂಡು ಬರ್ತಾರೆ. ಬೇಡ ಬೇಡ ಬೇಡ — ಮೂರು ಸಲ ಬೇಡ — ಮಾಲೀಕರ ಎದುರಿಗೆ ಅದೆಲ್ಲ ಬೇಡ, ಈ ಕಟ್ಟಡದಲ್ಲಿ ಎಲ್ಲಾ ಕಡಿಮೆ ಜನರಲ್ಲಿ ನಡೀತಿದೆ ಅಂತ ಇವತ್ತು ತೋರಿಸ್ಬೇಕು ರೀ ನಾನು. ಅಯ್ಯೋ ದೇವರೇ ಅಂತ ಚಕ್ರಣ್ಣ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ, ಸದ್ದು ಬರದ ಹಾಗೆ, ಭುಜ ನೋಯುವ ಹಾಗೆ, ಕಡಿಮೆ ಜನರಲ್ಲಿ, ಅದನ್ನು ತೋರಿಸಲಿಕ್ಕೆ ಹೊರಟವನು ಆರು ಏಳರ ಮಧ್ಯೆ ನೇತಾಡುತ್ತಿದ್ದಾನೆ. ಹಾಗಿದ್ರೆ ಬ್ರೇಕಣ್ಣನೇ ಬರಬೇಕು ಸಾರ್. ಯಾರು? ಬ್ರೇಕಣ್ಣ ಸಾರ್, ನನ್ನ ಜೊತೆ ಇದ್ದವನು. ಯಾರು ಅದು? ನೀವು ಕಳಿಸಿದವನು ಸಾರ್. ಯಾವಾಗ? — ನಗು ಅಲ್ಲೇ ಇಂಗಿಹೋಯಿತು.

ಯಾವಾಗ ಅಂತೆ. ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡಿದ್ದ, ಒಬ್ಬರು ಮಾಡೋ ಕೆಲಸಕ್ಕೆ ಇಬ್ಬರು ಯಾಕೆ ಅಂತ ಮೇಲಿನವರು ಕೇಳ್ತಿದಾರೆ, ನನಗೂ ಬೇಜಾರೇ, ಯಾರು ಇರ್ತೀರಿ ಯಾರು ಹೋಗ್ತೀರಿ ಅಂತ ನೀವೇ ಮಾತಾಡ್ಕೊಂಡು ಸಂಜೆ ಒಳಗೆ ಹೇಳಿ, ಆ ಪಾಪ ನಾನು ಕಟ್ಕೊಳ್ಳಲ್ಲ ಅಂದ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, ಕೈಗೆ ಜಿಡ್ಡೂ ಹತ್ತಲಿಲ್ಲ, ಇವರಿಬ್ಬರೂ ಮೇಲೆ ಬಂದು ಎರಡು ಸ್ಟೂಲಿನ ಮೇಲೆ ಎದುರು ಬದುರು ಕೂತರು, ನಾನು ಹೋಗ್ತೀನಿ ಕಣೋ ಅಂದ ಬ್ರೇಕಣ್ಣ, ಸುಮ್ನಿರು ನಾನು ಹೋಗ್ತೀನಿ ಅಂದ ಚಕ್ರಣ್ಣ, ನಿನ್ನ ಹೆಂಡತಿ ಕಣ್ಣಿನ ಆಪರೇಷನ್ ಆಗಬೇಕು, ನನಗ್ಯಾರಿದಾರೆ, ನಾನೊಂದು ನನ್ನ ನೆರಳೊಂದು. ನಿನಗೆ ದಮ್ಮು, ಹೊರಗೆ ಹೋದ್ರೆ ಯಾರು ಕೆಲಸ ಕೊಡ್ತಾರೆ. ನೀನ್ಯಾವನೋ ಕೇಳೋಕೆ. ನೀನ್ಯಾವನೋ ಹೇಳೋಕೆ. ದನಿ ಏರಿತು, ಜೀವಮಾನದಲ್ಲಿ ಒಮ್ಮೆ ಕೂಗಾಡಿದ್ದು ಅವತ್ತೇ, ಒಬ್ಬರ ಕಾಲರು ಒಬ್ಬರು ಹಿಡಿಯುವುದೊಂದು ಬಾಕಿ, ಅಷ್ಟರಲ್ಲಿ ಗಂಟೆ ಬಡಿಯಿತು, ಎರಡು ಮತ್ತು ಮೂರರ ಮಧ್ಯೆ ಯಾರೋ ಸಿಕ್ಕಿಕೊಂಡಿದ್ದರು, ಇಬ್ಬರೂ ಎದ್ದರು, ಒಬ್ಬ ಹಿಡಿಗೆ ಒಬ್ಬ ಗಾಲಿಗೆ, ಬಿಡು, ಬಿಟ್ಟೆ, ಹಿಡಿ, ಹಿಡಿದೆ, ಪಟ್ಟಿ ಬಂದು ಗೀಟಿಗೆ ಕೂತಿತು ಮುತ್ತಿನ ಹಾಗೆ, ಬಾಗಿಲು ತೆಗೆಯಲು ಚಕ್ರಣ್ಣ ಕೆಳಗೆ ಹೋದ, ಹೋಗಿ ಬರುವಷ್ಟರಲ್ಲಿ ಬ್ರೇಕಣ್ಣ ಏಣಿ ಇಳಿದು ಒಂಬತ್ತನೇ ಮಹಡಿಯ ಮ್ಯಾನೇಜರ ಕೋಣೆಗೆ ಹೋಗಿ ತನ್ನ ಹೆಸರು ಕೊಟ್ಟು ಬಂದಾಗಿತ್ತು. ಕೊಟ್ಟು ಬಂದೆ, ಟೀ ಹಾಕು ಅಂದ. ಆ ಹೆಸರನ್ನು ಕೈಯಲ್ಲಿ ಇಸಕೊಂಡವನು ಇವತ್ತು ಯಾರು ಅದು ಅಂತಾನೆ, ಯಾವಾಗ ಅಂತಾನೆ, ಸೇಡು ಅಂದರೆ ಇಂಥದಕ್ಕೂ ಸಾಲದು, ಮರೆತವನ ಮೇಲೆ ಸೇಡು ತೀರಿಸುವುದು ಹೇಗೆ, ಮೊದಲು ಅವನಿಗೆ ನೆನಪು ಮಾಡಿಸಬೇಕು, ಹೊಡೆಯುವ ಮುಂಚೆ ಎಬ್ಬಿಸಬೇಕು.

ಕರೀರಿ ರೀ ಅವರನ್ನ, ಯಾರಾದ್ರೂ ಆಗ್ಲಿ ಅಂತ ಫೋನು ಇನ್ನೂ ಒದರುತ್ತಿದೆ. ಏನಂತ ಕರೀಲಿ ಸಾರ್, ಒಬ್ಬರ ಕೆಲಸ ಅಂತ ಕಳಿಸಿದ್ರಿ, ಈಗ ಬಾ ಅಂದ್ರೆ ಯಾಕೆ ಅಂತಾನೆ. ಏನೋ ಒಂದು ಹೇಳಿ. ನೀವು ಹೇಳಿದ್ದೇ ಹೇಳ್ತೀನಿ ಸಾರ್, ಇದು ಒಬ್ಬರ ಕೆಲಸವಾ ಇಬ್ಬರ ಕೆಲಸವಾ. ಆ ಕಡೆ ಹಲ್ಲು ಕಡಿಯುವುದು ಕೇಳಿಸಿತು, ಇಲ್ಲ, ಕೇಳಿಸಿದ ಹಾಗೆ ಆಯಿತು, ಆಮೇಲೆ, ಇಬ್ಬರದು, ಸಾಕಾ? ಸರಿಯಾಗಿ ಕೇಳಿಸಲಿಲ್ಲ ಸಾರ್. ಇಬ್ಬರ ಕೆಲಸ ಕಣ್ರೀ, ಇಬ್ಬರ ಕೆಲಸ, ಇಬ್ಬರ ಕೆಲಸ, ದಮ್ಮಯ್ಯ ಬೇಗ ಕರೀರಿ. ದಮ್ಮಯ್ಯ ಅಂದ, ಇಸ್ತ್ರಿ ದಮ್ಮಯ್ಯ ಅಂದ, ಈ ಮಾತಿಗಾಗಿ ಎಷ್ಟು ದಿನ ಒಂಟಿಕಾಲಲ್ಲಿ ನಿಂತು ಗಾಲಿ ತಿರುಗಿಸುತ್ತ ಹಲ್ಲು ಮಸೆದಿದ್ದ, ಬರಲಿ ಒಂದು ದಿನ ಅಂತ, ಬಂತು, ಬಾಯಿಗೆ ಬಂದೇ ಬಂತು, ಆದರೆ ರುಚಿಯೇ ಇಲ್ಲ, ಅಷ್ಟು ಹಸಿದಿದ್ದವನಿಗೆ ಬಿಸಿನೀರು ಕುಡಿಸಿದ ಹಾಗೆ, ಸಾಲದು, ಇನ್ನೂ ಬೇಕು, ಅವನು ಅನ್ನುವುದನ್ನು ಬ್ರೇಕಣ್ಣ ತನ್ನ ಕಿವಿಯಲ್ಲೇ ಕೇಳಬೇಕು, ಈ ಫೋನು ಅವನ ಕಿವಿಗೆ ಹಿಡಿಯಬೇಕು. ಮೊಬೈಲು ತೆಗೆದ, ಬ್ರೇಕಣ್ಣನ ಮನೆ ಹಿಂದಿನ ಬೀದಿಯಲ್ಲೇ, ಒಂದೇ ರಿಂಗಿಗೆ ಎತ್ತಿಕೊಂಡ, ಕೈಯಲ್ಲೇ ಹಿಡಿದು ಕಾದಿದ್ದವನ ಹಾಗೆ, ಏನೋ ಚಕ್ರ. ಬಾರೋ ಸ್ವಲ್ಪ, ಒಂದು ಕೆಲಸ ಇದೆ, ಇಬ್ಬರ ಕೆಲಸ. ಯಾರು ಒಳಗೆ ಅಂತಲೂ ಕೇಳಲಿಲ್ಲ ಆ ಪುಣ್ಯಾತ್ಮ, ಬಂದೆ ಅಂದ, ಚಪ್ಪಲಿ ಹುಡುಕುವ ಸದ್ದೂ ಫೋನಿನಲ್ಲಿ ಕೇಳಿಸಿತು.

ಕಿಟಕಿಯ ಹತ್ತಿರ ನಿಂತರೆ ಕೆಳಗಿನ ಅಂಗಳ ಕಾಣುತ್ತದೆ, ಬ್ರೇಕಣ್ಣ ಗೇಟು ದಾಟುವುದನ್ನು ಮೇಲಿನಿಂದ ಕಂಡ, ತಲೆಯ ಮೇಲಿನ ಬೋಳು ಮಾತ್ರ ಕಂಡಿತು, ಪಕ್ಕದಲ್ಲಿ ಕೋಲು, ಕೋಲು ಯಾವಾಗ ಬಂತು ಇವನಿಗೆ, ಹೋದ ಭಾನುವಾರ ಅವನ ಮನೆಗೆ ಹೋದಾಗ ಕೋಲು ಇರಲಿಲ್ಲ, ಅಥವಾ ಇತ್ತೇನೋ, ಬಾಗಿಲ ಹಿಂದೆ ಇಟ್ಟಿರಬೇಕು ಕಳ್ಳ, ಹೋದ ಭಾನುವಾರ ಮಾತಾಡುತ್ತ ಮಾತಾಡುತ್ತ ಬಾಗಿಲ ಚಿಲಕವನ್ನು ಒತ್ತುವುದು ಬಿಡುವುದು ಒತ್ತುವುದು ಬಿಡುವುದು ಮಾಡುತ್ತಿದ್ದ, ಕೈಗೆ ಕೆಲಸ ಮರೆತುಹೋಗ್ಬಾರ್ದಲ್ಲ ಅಂದ — ಬರ್ತಾನೆ ಈಗ, ಬಂದು ಹಿಡಿ ಹಿಡಿದು, ಯಾರಪ್ಪ ಒಳಗೆ ಅಂತಾನೆ, ನಾನು ಹೇಳಲ್ಲ, ಫೋನು ಕಿವಿಗೆ ಕೊಡ್ತೀನಿ, ಅವನೇ ಕೇಳಲಿ, ದಮ್ಮಯ್ಯ ಅನ್ನೋದನ್ನ ಕೇಳಲಿ, ಅವನ ಮುಖ ನೋಡಬೇಕು ನಾನು, ಅದೊಂದು ನೋಡಿದರೆ ಇನ್ನೆರಡು ವರ್ಷ ಒಂಟಿಕಾಲಲ್ಲೇ ಕಳೆದೇನು — ಬೋಳುತಲೆ ಬಾಗಿಲಿನ ಒಳಗೆ ಮರೆಯಾಯಿತು, ಇನ್ನೇನು ಲಿಫ್ಟಿನಲ್ಲಿ ಸರ್ರನೆ — ಲಿಫ್ಟು. ಲಿಫ್ಟು ಎಲ್ಲಿದೆ. ಚಕ್ರಣ್ಣನ ಕೈ ಕಿಟಕಿಯ ಸರಳಿನ ಮೇಲೆ ಹಾಗೇ ಉಳಿಯಿತು. ಈ ಕಟ್ಟಡಕ್ಕೆ ಇರುವುದು ಒಂದೇ ಲಿಫ್ಟು, ಅದರಲ್ಲಿ ಇಸ್ತ್ರಿ ಇದ್ದಾನೆ, ಜೀವಮಾನ ಎಲ್ಲ ಲಿಫ್ಟು ನೋಡಿಕೊಂಡವನು ಲಿಫ್ಟು ನಿಂತಿದೆ ಅನ್ನುವುದನ್ನೇ ಮರೆತು ಉಬ್ಬಸದ ಮನುಷ್ಯನಿಗೆ ಒಂಬತ್ತು ಮಹಡಿ ಹತ್ತಿ ಬಾ ಅಂದಿದ್ದಾನೆ, ಅವನೂ ಅಷ್ಟೇ, ಅವನೂ ಮರೆತು ಬಂದೆ ಅಂದಿದ್ದಾನೆ, ಲಿಫ್ಟು ಕೆಟ್ಟಾಗ ಇವರಿಬ್ಬರೂ ಯಾವತ್ತೂ ಮೇಲೇ ಇರುತ್ತಿದ್ದರು, ಹತ್ತುವ ಕಷ್ಟ ಬೇರೆಯವರದ್ದಾಗಿತ್ತು. ಫೋನ್ ಮಾಡಿ ಬೇಡ ಕಣೋ ವಾಪಸ್ ಹೋಗು ಅನ್ನಬೇಕು, ಮಾಡಿದ, ರಿಂಗಾಗುತ್ತದೆ, ಎತ್ತುವುದಿಲ್ಲ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಮೆಟ್ಟಿಲಿನ ಕಟಾಂಜನ.

ಏಣಿಯ ತಲೆಯ ಹತ್ತಿರ ಬಗ್ಗಿ ಕಿವಿಕೊಟ್ಟ, ಮೆಟ್ಟಿಲ ಬಾವಿಯೊಳಗಿಂದ ಕೋಲಿನ ಸದ್ದು, ಟಕ್ಕು, ಕಾಲು ಎಳೆಯುವುದು, ಟಕ್ಕು, ಆಮೇಲೆ ಏನೂ ಇಲ್ಲ, ನಿಂತಿದ್ದಾನೆ, ಅಲ್ಲೇ ನಿಲ್ಲೋ ನಾನೇ ಇಳಿದು ಬರ್ತೀನಿ ಅಂತ ಕೂಗಿದ, ಕೂಗು ಗೋಡೆಗೆ ಬಡಿದು ಚೂರಾಗಿ ಕೆಳಗೆ ಹೋಯಿತು, ಮೇಲೆ ಬಂದದ್ದು ಕೆಮ್ಮು ಒಂದೇ, ಇಳಿಯೋಣ ಅಂದರೆ ಮೊಣಕಾಲು ಏಣಿಯ ಮೊದಲ ಮೆಟ್ಟಿಲಿಗೇ ಮುಷ್ಕರ ಹೂಡಿತು, ಹಿಂದೆ ಕರಿ ಫೋನು ಬಡಿದುಕೊಳ್ಳುತ್ತಿದೆ, ಬಡಿದುಕೊಳ್ಳಲಿ, ಥೂ, ಈಗ ಇಸ್ತ್ರಿಯ ಮೇಲೆ ಉರಿಯುತ್ತಿದ್ದದ್ದು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ, ಇದನ್ನೂ ನನ್ನ ಕೈಯಲ್ಲೇ ಮಾಡಿಸಿದೆಯಲ್ಲೋ, ಅವತ್ತು ಅವನನ್ನು ಕಳಿಸುವುದನ್ನೂ ನಮ್ಮ ಬಾಯಿಂದಲೇ ಹೇಳಿಸಿದೆ, ಇವತ್ತು ಅವನ ಎದೆ ಒಡೆಯುವುದನ್ನೂ ನನ್ನ ಕೈಯಿಂದಲೇ, ನಿನಗೆ ಜಿಡ್ಡೇ ಹತ್ತುವುದಿಲ್ಲವೇನೋ, ನಿನ್ನ ಅಂಗಿಗೆ ಒಂದು ಮಡಿಕೆಯೂ — ಟಕ್ಕು. ಟಕ್ಕು. ಕಾಯುವುದು ಎಷ್ಟು ಉದ್ದವಾಯಿತೆಂದರೆ ಟೀ ಮೇಲಿನ ಕೆನೆ ದಪ್ಪಗಾಗಿ ಚರ್ಮದ ಹಾಗೆ ಬಿಗಿದುಕೊಂಡಿತು, ಕೊನೆಗೆ ಏಣಿಯ ಬುಡದಲ್ಲಿ ಬೋಳುತಲೆ ಕಂಡಿತು, ಕೋಲನ್ನು ಕೆಳಗೇ ಬಿಟ್ಟು ಒಂದೊಂದೇ ಮೆಟ್ಟಿಲು ಹತ್ತಿದ, ಚಕ್ರಣ್ಣ ಮಂಡಿಯೂರಿ ಅವನ ಕಂಕುಳಿಗೆ ಕೈ ಹಾಕಿ ಎಳೆದುಕೊಂಡ, ಎಡ ಭುಜ ಹರಿದರೆ ಹರಿಯಲಿ. ತುಟಿ ನೀಲಿಯಾಗಿತ್ತು, ಮೊದಲು ಬಾಗಿಲ ಪಕ್ಕ ನೋಡಿದ, ಆಮೇಲೆ ಕಿಟಕಿಯ ಕೆಳಗೆ ನೋಡಿದ, ಎರಡೂ ಕಡೆ ಸ್ಟೂಲಿಲ್ಲ, ಚಕ್ರಣ್ಣನನ್ನು ನೋಡಿದ, ಗೋಡೆ ಹಿಡಿದು ನಡೆದು ತನ್ನ ಹಿಡಿಯ ಹತ್ತಿರ ಹೋಗಿ ನಿಂತ. ಸ್ವಲ್ಪ ಸುಧಾರಿಸ್ಕೋ ಕಣೋ. ಒಳಗಿರೋರು ಹೆದರಿರ್ತಾರೆ ಅಂದ ಬ್ರೇಕಣ್ಣ, ಒಂದೊಂದು ಮಾತಿಗೆ ಒಂದೊಂದು ಉಸಿರು ತೆಗೆದುಕೊಂಡು.

ಬಿಡು ಅಂದ ಚಕ್ರಣ್ಣ, ಗಾಲಿ ಹಿಡಿದು. ಬಿಟ್ಟೆ. ಎರಡು ಕಾಲಿನ ಮೇಲೆ ನಿಂತು ಗಾಲಿ ತಿರುಗಿಸುವುದು ಹೇಗಿರುತ್ತದೆ ಅನ್ನುವುದೇ ಮರೆತುಹೋಗಿತ್ತು, ಬೇರೆಯವರ ಬಾಯಿಂದ ಆ ಬಿಟ್ಟೆ ಕೇಳಿಸಿಕೊಂಡು ಗಾಲಿ ತಿರುಗಿಸಿದ, ತಂತಿ ಹಗ್ಗ ಮೆಲ್ಲಗೆ ಮೇಲೆ ಬಂತು, ಗ್ರೀಸು ಮೆತ್ತಿದ ಕಪ್ಪು, ಕಪ್ಪು, ಕಪ್ಪು, ಆಮೇಲೆ ನೆಲದ ತೂತಿನಿಂದ ಹಳದಿ ಪಟ್ಟಿ ಇಣುಕಿತು, ಬ್ರೇಕಣ್ಣನೇ ಬಳಿದ ಹಳದಿ, ಬಂತು ನೋಡೋ ಅಂದ ಚಕ್ರಣ್ಣ, ಮೊಳ ಕೆಳಗಿದೆ, ಮುಕ್ಕಾಲು ಮೊಳ, ಇನ್ನು ಸ್ವಲ್ಪ, ಬ್ರೇಕಣ್ಣನ ಕೈ ನಡುಗುವುದು ಹಿಡಿಯ ಮೂಲಕ ಮೋಟರಿಗೆ, ಮೋಟರಿನಿಂದ ಗಾಲಿಗೆ, ಗಾಲಿಯಿಂದ ಚಕ್ರಣ್ಣನ ಅಂಗೈಗೆ ಬಂತು — ಹಿಡಿದೆ. ಬ್ರೇಕು ಕಚ್ಚಿಕೊಂಡಿತು, ಗಾಲಿ ನಿಂತಿತು. ಹಿಡಿ ಅಂತ ಚಕ್ರಣ್ಣ ಹೇಳಿರಲಿಲ್ಲ. ಅಷ್ಟು ವರ್ಷದಲ್ಲಿ ಹಿಡಿ ಅನ್ನದೆ ಹಿಡಿದೆ ಅಂದವನಲ್ಲ ಬ್ರೇಕಣ್ಣ, ಇವತ್ತು ಅಂದ, ಅಂದು ಹಿಡಿಯಿಂದ ಜಾರಿದ ಕೈಯನ್ನು ಇನ್ನೊಂದು ಕೈಯಲ್ಲಿ ಎತ್ತಿಕೊಂಡು, ಯಾರದ್ದೋ ಕೈ ನೋಡುವ ಹಾಗೆ ನೋಡಿ, ಆಗ್ಲಿಲ್ಲ ಕಣೋ, ಸ್ವಲ್ಪ ಕೂತ್ಕೋತೀನಿ ಅಂದ. ಗೋಡೆಗೆ ಒರಗಿ ನೆಲಕ್ಕೆ ಕುಸಿದು ಕೂತ, ಕಾಲು ಚಾಚಿದ, ಹಳದಿ ಪಟ್ಟಿ ಬಿಳಿ ಗೀಟಿಗೆ ಒಂದು ಗೇಣು ಕೆಳಗೆ ನಿಂತಿತ್ತು. ಒಂದು ಗೇಣು, ಕುಣಿಕೆ ಪೆಟ್ಟಿಗೆಯಲ್ಲಿದೆ, ಒಂಟಿಕಾಲಲ್ಲಿ ಒಂದೇ ತುಳಿತ, ಗಾಲಿಗೆ ಅರ್ಧ ಸುತ್ತು, ಕೂತುಬಿಡುತ್ತದೆ, ಇಳಿದು ಹೋಗಿ ಏಳನೇ ಮಹಡಿಯ ಬಾಗಿಲಿಗೆ ಕೀಲಿ ಹಾಕಿದರೆ ಇಸ್ತ್ರಿ ಹೊರಗೆ, ಮುಖ ಒರೆಸಿಕೊಂಡು ಮೀಟಿಂಗ್ ಹಾಲಿಗೆ, ಕಡಿಮೆ ಜನರಲ್ಲಿ ಎಲ್ಲಾ ನಡೀತಿದೆ ಸಾರ್ ಅಂತ ಹಲ್ಲು ಕಾಣುವ ಹಾಗೆ ನಗಲಿಕ್ಕೆ. ಚಕ್ರಣ್ಣ ಪೆಟ್ಟಿಗೆಯ ಕಡೆ ನೋಡಲೂ ಇಲ್ಲ.

ಯಾರು ಒಳಗೆ ಅಂತ ಕೇಳಿದ ಬ್ರೇಕಣ್ಣ, ಉಸಿರು ಸ್ವಲ್ಪ ಹದಕ್ಕೆ ಬಂದ ಮೇಲೆ. ಇಸ್ತ್ರಿ. ಬ್ರೇಕಣ್ಣ ಅವನ ಮುಖವನ್ನೇ ನೋಡಿದ, ಆಮೇಲೆ ನಗು ಹೊಟ್ಟೆಯಿಂದ ಎದ್ದು ಕೆಮ್ಮಿಗೆ ಸಿಕ್ಕಿ ಕಣ್ಣಲ್ಲಿ ನೀರಾಗಿ ಬಂತು, ಇದಕ್ಕಾ ನನ್ನ ಒಂಬತ್ತು ಮಹಡಿ ಹತ್ತಿಸಿದ್ದು, ಕತ್ತೆ, ನಿನಗೆ ಬುದ್ಧಿ ಯಾವಾಗಲೋ ಬರೋದು, ಅಂದು ಪಕ್ಕದ ನೆಲವನ್ನು ಅಂಗೈಯಲ್ಲಿ ತಟ್ಟಿದ. ಚಕ್ರಣ್ಣ ಗಾಲಿಯ ಮೇಲಿನ ಕೈ ತೆಗೆದ, ಮೋಟರಿನ ಕಟ್ಟೆ ಹಿಡಿದು ಒಂದೊಂದೇ ಮೊಣಕಾಲು ಮಡಿಸಿ ಕೂತ, ಈ ಕೋಣೆಯಲ್ಲಿ ಕೂತು ಎಷ್ಟು ಕಾಲವಾಗಿತ್ತು, ಸೊಂಟ ನೆಲಕ್ಕೆ ತಾಗಿದಾಗ ಬಾಯಿಂದ ಅಮ್ಮಾ ಅಂತ ತಾನಾಗಿಯೇ ಬಂತು, ಕೂತಲ್ಲಿಂದ ಕಿಟಕಿಯ ಆಚೆ ಆಕಾಶ ಮಾತ್ರ ಕಾಣುತ್ತದೆ, ಕೆಳಗೆ ಅಂಗಳದಲ್ಲಿ ಕಾರಿನ ಬಾಗಿಲುಗಳು ಒಂದಾದ ಮೇಲೊಂದು ಮುಚ್ಚಿಕೊಂಡ ಸದ್ದು, ಮಾಲೀಕರು ಬಂದರು ಅನ್ನಿಸುತ್ತದೆ, ಬರಲಿ, ಲಿಫ್ಟಿನ ಗುಂಡಿ ಒತ್ತಲಿ, ಕಾಯಲಿ, ಫ್ಲಾಸ್ಕಿನಲ್ಲಿ ಇನ್ನೊಂದು ಲೋಟದಷ್ಟು ಟೀ ಇತ್ತು, ಮುಚ್ಚಳಕ್ಕೆ ಹೊಯ್ದು ಬ್ರೇಕಣ್ಣನಿಗೆ ಕೊಟ್ಟ, ತನ್ನ ಹಳೆಯ ಲೋಟವನ್ನು ಕೈಯಲ್ಲಿ ಹಿಡಿದುಕೊಂಡ. ಕರಿ ಫೋನು ತಲೆಯ ಮೇಲಿನ ಗೋಡೆಯಲ್ಲೇ ಬಡಿದುಕೊಂಡಿತು, ಕೂತಲ್ಲಿಂದಲೇ ಕೈ ಚಾಚಿ ಎಳೆದುಕೊಂಡ, ಬಂದ್ರಾ ಅವರು, ಬಂದ್ರಾ, ಈಗ ಇಬ್ಬರೂ ಇದೀರಲ್ಲ, ಮತ್ತೆ ಯಾಕೆ ನಿಂತಿತು, ಇನ್ನೇನು ಬೇಕ್ರೀ ನಿಮಗೆ — ದನಿಯಲ್ಲಿ ಒಂದು ಮಡಿಕೆಯಲ್ಲ, ಮುದುಡಿ ಮುದ್ದೆಯಾಗಿದ್ದ ದನಿ, ಚಕ್ರಣ್ಣ ಫೋನನ್ನು ಇಬ್ಬರ ಕಿವಿಗಳ ನಡುವೆ ಹಿಡಿದ, ಬ್ರೇಕಣ್ಣ ಟೀ ಊದುವುದನ್ನು ನಿಲ್ಲಿಸಿ ಕೇಳಿದ, ಇಬ್ಬರೂ ಇದ್ದೀವಿ ಸಾರ್, ಅಂದ ಚಕ್ರಣ್ಣ, ಕೂತಿದ್ದೀವಿ. ಫೋನು ಕೈಯಿಂದ ಬಿಟ್ಟ, ಅದು ತನ್ನ ವೈರಿನಲ್ಲಿ ತೂಗುತ್ತ ಇನ್ನೂ ಏನೋ ಹೇಳುತ್ತಿತ್ತು, ಪಕ್ಕದಲ್ಲಿ ಉಸಿರು ಒಳಗೆ, ಹೊರಗೆ, ಒಳಗೆ, ಅದು ಸರಿಹೋಗುವ ತನಕ ಕೂತಿರುವುದು, ಅಲ್ಲ, ಸರಿಹೋದ ಮೇಲೂ, ಲೋಟದ ಕೆನೆ ಅಲ್ಲಾಡುತ್ತಿಲ್ಲ, ಎದುರಿಗೆ ಹಳದಿ ಪಟ್ಟಿ, ಅದರ ಮೇಲೆ ಬಿಳಿ ಗೀಟು, ನಡುವೆ ಒಂದು ಗೇಣು.